ಚಿಕ್ಕ ಪ್ರಾಯದಲ್ಲೇ ಪಾರ್ಕಿನ್ಸನ್ಸ್ ಬಂದ್ರೆ ನಮ್ಮ ಉತ್ತರ ಕನ್ನಡದ ಮನೆಯವರು ಎಂತೆಂತ ಮಾಡ್ಬೇಕು

ಮನೇಲಿ 35, 40, 45ರ ಪ್ರಾಯದ ಗಂಡನಿಗೋ ಹೆಂಡತಿಗೋ ತಮ್ಮನಿಗೋ ಪಾರ್ಕಿನ್ಸನ್ಸ್ ಅಂತ ಡಾಕ್ಟರ್ ಹೇಳಿದಾರೆ, ಅಥವಾ ಇನ್ನೂ ಹೇಳ್ಲಿಲ್ಲ ಆದ್ರೆ ನಿಮಗೇ ಡೌಟ್ ಬಂದಿದೆ, ಅಂಥವರಿಗಾಗಿ ಇದನ್ನ ಬರೀತಾ ಇದ್ದೇನೆ. ನಾನು ಡಾಕ್ಟರ್ ಅಲ್ಲ, ಕುಮಟಾದವಳು, ನಮ್ಮನೆಯವರು ಹೈಸ್ಕೂಲ್ ಮಾಸ್ತರು, ನಲವತ್ತು ತುಂಬೂದ್ರೊಳಗೇ ಅವರಿಗೆ ಈ ಕಾಯಿಲೆ ಶುರುವಾಯ್ತು. ನಮ್ಮ ಜಿಲ್ಲೆಯವರ ಕಷ್ಟ ಬೇರೆ. ದೊಡ್ಡ ಡಾಕ್ಟರು ದೂರ, ಮೂರ್ನಾಕು ತಿಂಗಳಿಗೊಮ್ಮೆ ಹತ್ತು ನಿಮಿಷ ಸಿಗ್ತಾರೆ, ಉಳಿದ ಅಷ್ಟೂ ದಿನ ಕಾಯಿಲೆ ನಮ್ಮ ಮನೇಲೇ ಇರ್ತದೆ, ಹಾಗಾಗಿ ಆ ಹತ್ತು ನಿಮಿಷಕ್ಕೆ ನಾವು ಎಂತ ತಯಾರಿ ಮಾಡ್ಕೊಂಡು ಹೋಗ್ತೇವೆ ಅನ್ನೂದ್ರ ಮೇಲೇ ಮುಂದಿನ ತಿಂಗಳುಗಳು ನಿಂತಿರ್ತವೆ. ಈ ಮಾತು ನನಗೆ ಯಾರಾದ್ರೂ ಮೊದಲೇ ಹೇಳಿದ್ರೆ ಒಳ್ಳೇದಿತ್ತು, ಅದ್ಕೇ ನಿಮಗೆ ಹೇಳ್ತಾ ಇದ್ದೇನೆ.

ಪಾರ್ಕಿನ್ಸನ್ಸ್ ಅಂದ್ರೆ ಅಜ್ಜಂದಿರಿಗೆ ಕೈ ನಡುಗುವ ಕಾಯಿಲೆ ಅಂತ ಎಲ್ರ ತಲೇಲಿ ಕೂತಿದೆ. ಹೆಚ್ಚಿನೋರಿಗೆ 60ರ ಆಸುಪಾಸಿಗೇ ಬರೂದು ಹೌದು, ಆದ್ರೆ 50ರ ಒಳಗೂ ಬರ್ತದೆ, ಅದಕ್ಕೆ ಯಂಗ್ ಆನ್‌ಸೆಟ್ ಅಂತಾರೆ, 21ರ ಒಳಗೇ ಬಂದ್ರೆ ಜುವೆನೈಲ್ ಅಂತಾರೆ. ನಟ ಮೈಕೆಲ್ ಜೆ. ಫಾಕ್ಸ್ ಅವರಿಗೆ 1991ರಲ್ಲಿ ಗೊತ್ತಾದಾಗ ವಯಸ್ಸು ಬರೀ 29, ಏಳು ವರ್ಷ ಯಾರಿಗೂ ಹೇಳದೆ ಕೆಲಸ ಮಾಡಿ 1998ರಲ್ಲಿ ಹೊರಗೆ ಹೇಳಿದ್ರು. ಮೆದುಳಿನ ಒಳಗೆ ಡೋಪಮಿನ್ ಅನ್ನುವ ರಾಸಾಯನಿಕ ತಯಾರು ಮಾಡುವ ಜೀವಕೋಶಗಳು ನಿಧಾನಕ್ಕೆ ಸಾಯ್ತಾ ಹೋಗ್ತವೆ, ನಮಗೆ ಹೊರಗೆ ಕಾಣುವಷ್ಟರಲ್ಲಿ ಸುಮಾರು ಪಾಲು ಹೋಗಿರ್ತದೆ. ಅಂಟುರೋಗ ಅಲ್ಲ, ಯಾರೋ ಮಾಡ್ಸಿದ್ದೂ ಅಲ್ಲ, ಯಾವ ದೋಷವೂ ಅಲ್ಲ.

ಮೊದಲು ಎಲ್ಲಿ ಕಾಣ್ತದೆ

ನಡುಕವೇ ಮೊದಲು ಬರ್ಬೇಕಂತ ಇಲ್ಲ, ಕೆಲವರಿಗೆ ನಡುಕ ಬರೂದೇ ಇಲ್ಲ. ಚಿಕ್ಕ ಪ್ರಾಯದವರಲ್ಲಿ ಮೊದಲು ಕಾಣೂದು ಒಂದು ಬದಿಯ ಕೈಯೋ ಕಾಲೋ ನಿಧಾನ ಆಗೂದು, ಬಿಗಿ ಆಗೂದು. ನಮ್ಮನೆಯವರು ಬೋರ್ಡ್ ಮೇಲೆ ಬರೀತಿದ್ರೆ ಸಾಲಿನ ಶುರುವಿಗೆ ಅಕ್ಷರ ದೊಡ್ಡದು, ಬಲಗಡೆ ಹೋಗ್ತಾ ಹೋಗ್ತಾ ಸಣ್ಣ ಆಗಿ ಕಡೆಗೆ ಹಿಂದಿನ ಬೆಂಚಿನ ಮಕ್ಕಳು ಸರ್ ಕಾಣೂದಿಲ್ಲ ಅಂತ ಕೂಗ್ತಿದ್ರಂತೆ, ಅದಕ್ಕೂ ಮೊದಲು ಭುಜ ಹಿಡ್ಕೊಂಡಿತ್ತು, ಕೈ ಮೇಲೆ ಎತ್ತೂದೇ ಆಗ್ತಿರ್ಲಿಲ್ಲ, ಒಂದು ಕಡೆ ಮೂಳೆ ಡಾಕ್ಟರು ಫ್ರೋಜನ್ ಶೋಲ್ಡರ್ ಅಂತ ತಿಂಗಳುಗಟ್ಟಲೆ ಶಾಖ ಕೊಟ್ರು. ಭುಜ ಹಿಡಿಯೂದು ಪಾರ್ಕಿನ್ಸನ್ಸಿನ ಮೊದಲ ಲಕ್ಷಣ ಆಗಿರೂದು ಅಪರೂಪ ಅಲ್ಲ. ಬೇರೆಯವರ ಮನೇಲಿ ಬೇರೆ ಥರ ಕಾಣ್ಬಹುದು. ಬಲೆ ಹೆಣೆಯುವವರ ಬೆರಳು ಗಂಟು ಹಾಕುವಾಗ ನಡುವೆ ನಿಲ್ತದೆ, ಶಿರಸಿ ಕಡೆ ಅಡಿಕೆ ಸುಲಿಯುವವರಿಗೆ ಮೆಟ್ಟುಗತ್ತಿ ಮುಂದೆ ಕೂತ್ರೆ ಮೊದಲಿನ ಲೆಕ್ಕಕ್ಕೆ ಕೈ ಬರೂದಿಲ್ಲ, ಮೊಬೈಲಲ್ಲಿ ಟೈಪ್ ಮಾಡುವಾಗ ಒಂದು ಹೆಬ್ಬೆರಳು ಹಿಂದೆ ಬೀಳ್ತದೆ, ನಡೆಯುವಾಗ ಒಂದು ಕೈ ಬೀಸೂದಿಲ್ಲ, ಸೊಸೈಟಿಯಲ್ಲಿ ಸೈನ್ ಟ್ಯಾಲಿ ಆಗೂದಿಲ್ಲ ಅಂತ ಚೆಕ್ ವಾಪಸ್ ಬರ್ತದೆ.

ಇನ್ನೊಂದು ಲಕ್ಷಣ ಚಿಕ್ಕ ಪ್ರಾಯದವರಲ್ಲೇ ಜಾಸ್ತಿ: ಬೆಳಿಗ್ಗೆ ಎದ್ದ ಕೂಡ್ಲೆ ಕಾಲಿನ ಬೆರಳು ಒಳಗೆ ಮಡಚಿಕೊಂಡು ಪಾದ ತಿರುಚಿ ನೋಯ್ತದೆ, ಇದಕ್ಕೆ ಡಿಸ್ಟೋನಿಯಾ ಅಂತಾರೆ, ಜನ ಇದನ್ನ ನರ ಹಿಡ್ಕೊಂಡಿದ್ದು ಅಂತ ಎಣ್ಣೆ ತಿಕ್ತಾ ಕೂತಿರ್ತಾರೆ. ಜೊತೆಗೆ ವಾಸನೆ ಗೊತ್ತಾಗ್ದೇ ಇರೂದು (ಒಲೆ ಮೇಲೆ ಒಣ ಮೀನು ಸುಡ್ತಾ ಇದ್ರೂ ಗೊತ್ತಾಗ್ದೇ ಇದ್ರೆ ಗಮನ ಕೊಡಿ), ಮಲಬದ್ಧತೆ, ರಾತ್ರಿ ನಿದ್ದೇಲಿ ಕೈಕಾಲು ಬಡಿದು ಕೂಗೂದು, ಕಾರಣ ಇಲ್ಲದ ಬೇಸರ, ಭಯ. ಇವೆಲ್ಲ ವರ್ಷಗಟ್ಟಲೆ ಮೊದಲೇ ಬಂದಿರ್ಬಹುದು. ಇದರಲ್ಲಿ ಒಂದೋ ಎರಡೋ ಇದ್ದ ಮಾತ್ರಕ್ಕೆ ಪಾರ್ಕಿನ್ಸನ್ಸ್ ಅಂತ ತಿಳ್ಕೊಂಡು ಹೆದರ್ಬೇಡಿ, ಆದ್ರೆ ಒಂದೇ ಬದಿ ನಿಧಾನ ಆಗಿದೆ ಅಂದ್ರೆ ಮಾತ್ರ ನ್ಯೂರಾಲಜಿಸ್ಟ್ (ಮೆದುಳು, ನರದ ಡಾಕ್ಟರು) ಹತ್ರ ಹೋಗೂದನ್ನ ಮುಂದೆ ಹಾಕ್ಬೇಡಿ.

ಹೋಗುವ ಮೊದಲು ಮನೇಲಿರೋ ಗುಳಿಗೆ ಎಲ್ಲಾ ಒಂದು ಚೀಲಕ್ಕೆ ಹಾಕಿ

ಇದು ಬಹಳ ಮುಖ್ಯ, ದಯವಿಟ್ಟು ಮಾಡಿ. ಕೆಲವು ಗುಳಿಗೆಗಳೇ ಪಾರ್ಕಿನ್ಸನ್ಸ್ ಥರ ಮಾಡ್ತವೆ. ಗ್ಯಾಸ್ ಅಂತ ಮೆಡಿಕಲ್ ಶಾಪಿಂದ ತಂದು ತಿಂಗಳುಗಟ್ಟಲೆ ನುಂಗುವ ಕ್ಯಾಪ್ಸೂಲ್ ಇರ್ತದಲ್ಲ, ಅದರ ಪಟ್ಟಿ ಹಿಂದೆ ತಿರುಗಿಸಿ ಓದಿ, ಪ್ಯಾಂಟೊಪ್ರಜೋಲ್ ಅಥವಾ ರಾಬೆಪ್ರಜೋಲ್ ಜೊತೆ ಲೆವೊಸಲ್ಪಿರೈಡ್ ಅಂತ ಇದ್ರೆ ಅದು ಡೋಪಮಿನ್ ತಡೆಯುವ ಔಷಧ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ (ಪೆರಿನಾರ್ಮ್ ಅಂದ್ರೆ ಎಲ್ರಿಗೂ ಗೊತ್ತು), ತಲೆ ತಿರುಗೂದಕ್ಕೆ ಕೊಡುವ ಸ್ಟೆಮೆಟಿಲ್, ಸಿನ್ನರಿಜಿನ್, ಮೈಗ್ರೇನಿಗೆ ಕೊಡುವ ಫ್ಲುನರಿಜಿನ್, ಮಾನಸಿಕ ಕಾಯಿಲೆಯ ಹಲವು ಔಷಧ, ಇವೆಲ್ಲ ಅದೇ ಸಾಲಿಗೆ ಸೇರಿದ್ದು. ಇಂಥದ್ರಿಂದ ಬಂದಿದ್ದಾದ್ರೆ ಔಷಧ ನಿಲ್ಸಿದ ಮೇಲೆ ವಾರಗಳಲ್ಲೋ ತಿಂಗಳುಗಳಲ್ಲೋ ಹೆಚ್ಚಿನೋರಿಗೆ ಸರಿ ಆಗ್ತದೆ. ಆದ್ರೆ ಮಾನಸಿಕ ಕಾಯಿಲೆಗೆ ತಗೊಳ್ಳುವ ಗುಳಿಗೆಯನ್ನ ನೀವಾಗೇ ನಿಲ್ಸ್ಬೇಡಿ, ಆ ಡಾಕ್ಟರನ್ನ ಕೇಳಿಯೇ ಮಾಡಿ.

ಇನ್ನೊಂದು, 40–50ರ ಒಳಗಿನ ಯಾರಿಗೇ ನಡುಕ, ಬಿಗಿ ಬಂದ್ರೂ ವಿಲ್ಸನ್ ಕಾಯಿಲೆ ಅಲ್ಲ ಅಂತ ಖಾತ್ರಿ ಮಾಡ್ಕೊಳ್ಬೇಕು. ಅದು ಮೈಯಲ್ಲಿ ತಾಮ್ರ ತುಂಬುವ ಕಾಯಿಲೆ, ಔಷಧ ಇದೆ, ಬೇಗ ಹಿಡಿದ್ರೆ ಮನುಷ್ಯ ಉಳೀತಾನೆ, ಬಿಟ್ರೆ ಲಿವರ್ ಮತ್ತು ಮೆದುಳು ಎರಡೂ ಹೋಗ್ತವೆ. ಸೆರುಲೊಪ್ಲಾಸ್ಮಿನ್ ಅನ್ನುವ ರಕ್ತ ಪರೀಕ್ಷೆ, 24 ತಾಸಿನ ಮೂತ್ರದಲ್ಲಿ ತಾಮ್ರ ಎಷ್ಟಿದೆ ಅನ್ನುವ ಪರೀಕ್ಷೆ, ಕಣ್ಣಿನ ಡಾಕ್ಟರ ಹತ್ರ ಸ್ಲಿಟ್ ಲ್ಯಾಂಪಲ್ಲಿ ಕಣ್ಣಿನ ಕರಿಗುಡ್ಡೆ ಸುತ್ತ ಉಂಗುರ ಇದೆಯಾ ಅಂತ ನೋಡೂದು. ಡಾಕ್ಟರು ಹೇಳದಿದ್ರೆ ನೀವೇ ಕೇಳಿ, ಕೇಳಿದ್ರೆ ಯಾರೂ ಬೈಯೂದಿಲ್ಲ.

ಎಂಆರ್‌ಐ ನಾರ್ಮಲ್ ಬಂದ್ರೆ ಜನ ಖುಷಿ ಪಟ್ಟು ಮನೆಗೆ ಬಂದುಬಿಡ್ತಾರೆ. ಪಾರ್ಕಿನ್ಸನ್ಸಲ್ಲಿ ಎಂಆರ್‌ಐ ಸಾಮಾನ್ಯವಾಗಿ ನಾರ್ಮಲ್ಲೇ ಇರ್ತದೆ, ಅದು ಮಾಡೂದು ಬೇರೆ ಕಾಯಿಲೆ ಇಲ್ಲ ಅಂತ ತಿಳಿಯೂದಕ್ಕೆ. ಇದನ್ನ ಗುರುತಿಸೂದು ಅನುಭವ ಇರುವ ಡಾಕ್ಟರ ಕಣ್ಣು ಮತ್ತು ಕೈ.

ಎಲ್ಲಿಗೆ ಹೋಗೂದು, ಹೇಗೆ ಹೋಗೂದು

ಕಾರವಾರದಲ್ಲಿ ಮೆಡಿಕಲ್ ಕಾಲೇಜು ಇದೆ, ಮೊದಲ ಪರೀಕ್ಷೆ, ರಕ್ತ, ರೆಫರಲ್ ಎಲ್ಲ ಅಲ್ಲಿಂದ ಶುರು ಮಾಡ್ಬಹುದು, ಆದ್ರೆ ಈ ಕಾಯಿಲೆಯಲ್ಲೇ ಪಳಗಿದವರು ಬೇಕು ಅಂದ್ರೆ ನಮ್ಮವರು ಹೆಚ್ಚಾಗಿ ಜಿಲ್ಲೆ ದಾಟ್ತಾರೆ. ಕಾರವಾರದವರು ಗೋವಾದ ಬಾಂಬೋಳಿ ಕಡೆ ಹೋಗ್ತಾರೆ, ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿ ಹತ್ರ, ಕುಮಟಾ, ಹೊನ್ನಾವರ, ಭಟ್ಕಳದವರು ಮಣಿಪಾಲ ಅಥವಾ ಮಂಗಳೂರು. ಬೆಂಗಳೂರಿನ ನಿಮ್ಹಾನ್ಸಲ್ಲಿ ನಡುಕ ಮತ್ತು ಚಲನೆಯ ಕಾಯಿಲೆಗಳನ್ನೇ ನೋಡುವ ತಂಡ ಇದೆ, ಪಂಚಗಂಗಾ ಎಕ್ಸ್‌ಪ್ರೆಸ್ ರೈಲು ಸಂಜೆ ಹತ್ತಿದ್ರೆ ಬೆಳಿಗ್ಗೆ ಬೆಂಗಳೂರು. ನನ್ನ ಅಭಿಪ್ರಾಯದಲ್ಲಿ ಒಂದೊಂದು ಸಲ ಒಂದೊಂದು ಆಸ್ಪತ್ರೆ ತಿರುಗೂದಕ್ಕಿಂತ ಒಬ್ಬರನ್ನ ಹಿಡ್ಕೊಂಡು ಅವರ ಹತ್ರವೇ ಹೋಗ್ತಾ ಇರೂದು ಒಳ್ಳೇದು, ಯಾಕಂದ್ರೆ ಹೋದ ವರ್ಷ ಹೇಗಿದ್ರಿ ಅಂತ ನೋಡಿದವರಿಗೇ ಈ ವರ್ಷದ ವ್ಯತ್ಯಾಸ ತಿಳಿಯೂದು. ಆಗಾಗ ಬರೀ ರಿವ್ಯೂಗೆ ವಿಡಿಯೋ ಕಾಲಲ್ಲಿ ನೋಡ್ತಾರಾ ಅಂತ ಮೊದಲನೇ ಸಲವೇ ಕೇಳಿ ಇಟ್ಕೊಳ್ಳಿ.

ಬಸ್ಸಿಗಿಂತ ರೈಲು ಒಳ್ಳೇದು, ಎದ್ದು ಓಡಾಡ್ಬಹುದು, ಬಿಗಿ ಕಮ್ಮಿ ಆಗ್ತದೆ. ಉಡುಪಿ ಸ್ಟೇಷನ್ನಲ್ಲಿ ಇಳಿದ್ರೆ ಮಣಿಪಾಲ ಆಟೋದಲ್ಲಿ ಹತ್ರವೇ.

ಡಾಕ್ಟರಿಗೆ ತೋರ್ಸೂದಕ್ಕೆ ವಿಡಿಯೋ ಮಾಡಿ ಇಡಿ. ಹೆಬ್ಬೆರಳು ತೋರುಬೆರಳು ಟಪಟಪ ಅಂತ ಹತ್ತು ಸೆಕೆಂಡ್ ಬಡಿಯೂದು, ಎರಡೂ ಕೈ. ಕುರ್ಚಿಯಿಂದ ಎದ್ದು ಜಗಲಿ ಉದ್ದಕ್ಕೂ ನಡೆದು ತಿರುಗಿ ಬರೂದು. ಒಂದು ಸಾಲು ಬರೆಯೂದು. ಇದನ್ನ ಗುಳಿಗೆ ತಗೊಳ್ಳುವ ಮೊದಲು ಒಂದ್ಸಲ, ಗುಳಿಗೆ ಹಿಡಿದ ಮೇಲೆ, ಅಂದ್ರೆ ಅದು ಕೆಲಸ ಶುರು ಮಾಡಿದ ಮೇಲೆ ಒಂದ್ಸಲ ಮಾಡಿ. ಯಾಕಂದ್ರೆ ಆಸ್ಪತ್ರೆ ಒಳಗೆ ಹೋದ ಕೂಡ್ಲೆ ಎಷ್ಟೋ ಜನ ಚುರುಕಾಗಿ ನಡೀತಾರೆ, ಮನೇಲಿ ಕಾಲು ಎತ್ತೂದಕ್ಕೆ ಆಗ್ತಿರ್ಲಿಲ್ಲ ಅಂತ ನೀವು ಎಷ್ಟು ಹೇಳಿದ್ರೂ ಅಲ್ಲಿ ಕಾಣೂದಿಲ್ಲ.

ಗುಳಿಗೆ ಮತ್ತು ಗಡಿಯಾರ

ಮುಖ್ಯ ಔಷಧ ಲೆವೊಡೋಪಾ ಮತ್ತು ಕಾರ್ಬಿಡೋಪಾ ಸೇರಿದ್ದು, ನಮ್ಮಲ್ಲಿ ಸಿಂಡೋಪಾ ಅಂತಲೋ ಟೈಡೊಮೆಟ್ ಅಂತಲೋ ಹೆಸರು. ಲೆವೊಡೋಪಾ ಮೆದುಳಿಗೆ ಹೋಗಿ ಡೋಪಮಿನ್ ಆಗ್ತದೆ, ಕಾರ್ಬಿಡೋಪಾ ಅದು ದಾರೀಲೇ ಖರ್ಚಾಗದ ಹಾಗೆ ಕಾಯ್ತದೆ. ಇದರ ಜೊತೆಗೋ ಇದರ ಬದಲೋ ಪ್ರಾಮಿಪೆಕ್ಸೋಲ್, ರೋಪಿನಿರೋಲ್, ರಸಜಿಲಿನ್, ಅಮಾಂಟಡಿನ್, ಪ್ಯಾಸಿಟೇನ್ ಇಂಥವೂ ಕೊಡ್ತಾರೆ. ಚಿಕ್ಕ ಪ್ರಾಯದವರಿಗೆ ಕಾಯಿಲೆ ಸಾಮಾನ್ಯವಾಗಿ ನಿಧಾನಕ್ಕೆ ಮುಂದೆ ಹೋಗ್ತದೆ, ಮರೆವು ತಡ, ಬೀಳೂದು ತಡ, ಇದು ಸಮಾಧಾನದ ವಿಷಯ. ಆದ್ರೆ ಲೆವೊಡೋಪಾ ತಗೊಂಡ ಕೆಲವೇ ವರ್ಷದಲ್ಲಿ ಗುಳಿಗೆ ಹಿಡಿಯೂದು ಬಿಡೂದು ಸ್ಪಷ್ಟ ಗೊತ್ತಾಗೂದಕ್ಕೆ ಶುರುವಾಗ್ತದೆ, ನಮ್ಮ ಸಮುದ್ರದ ಭರತಿ ಇಳಿತದ ಹಾಗೆ, ಗುಳಿಗೆ ಏರಿದಾಗ ಮನುಷ್ಯ ಮೊದಲಿನ ಹಾಗೇ ಇರ್ತಾನೆ, ಇಳಿದಾಗ ಅಂಗಿ ಗುಂಡಿ ಹಾಕೂದಕ್ಕೂ ಬರೂದಿಲ್ಲ. ಏರಿದ್ದು ಜಾಸ್ತಿ ಆದ್ರೆ ಮೈ ತಾನಾಗೇ ಓಲಾಡ್ತದೆ, ಕುಣಿತದೆ, ಅದು ಡಿಸ್ಕೈನೇಶಿಯಾ. ಊರವರು ಅದನ್ನ ನೋಡಿ ಕುಡಿದಿದಾನೆ ಅಂತಾರೆ, ನೀವು ಆ ಮಾತಿಗೆ ತಲೆ ಕೊಡ್ಬೇಡಿ, ಅದು ಡೋಸ್ ಹೊಂದಿಸ್ಬೇಕು ಅನ್ನೂದರ ಗುರುತು ಅಷ್ಟೇ.

ಈ ಗುಳಿಗೆಗೆ ಟೈಮೇ ಎಲ್ಲ. ಊಟಕ್ಕೆ ಅರ್ಧ ತಾಸು ಮೊದಲು, ಇಲ್ಲಾ ಊಟ ಆಗಿ ಒಂದೆರಡು ತಾಸು ಬಿಟ್ಟು, ಒಂದು ಲೋಟ ನೀರಿನ ಜೊತೆ. ಪ್ರೋಟೀನ್ ಇರುವ ಊಟ ಮತ್ತು ಲೆವೊಡೋಪಾ ಒಂದೇ ಬಾಗಿಲಲ್ಲಿ ಒಳಗೆ ಹೋಗ್ಬೇಕು, ಎರಡೂ ಒಟ್ಟಿಗೆ ಬಂದ್ರೆ ಗುಳಿಗೆ ಹೊರಗೆ ಉಳೀತದೆ. ಮಧ್ಯಾಹ್ನ ಬಂಗಡೆ ಸಾರು, ತಾರ್ಲೆ ಫ್ರೈ ಹೊಡೆದು ಅದರ ಮೇಲೆ ಗುಳಿಗೆ ನುಂಗಿದ್ರೆ ಮೂರು ಗಂಟೆಗೆ ಕೈ ಬರೂದಿಲ್ಲ ಅಂತ ಕೂರ್ಬೇಕಾಗ್ತದೆ, ಶಾಕಾಹಾರಿಗಳ ಮನೇಲಿ ಇದೇ ಕೆಲಸ ಹಾಲು, ಮೊಸರು, ದಪ್ಪ ಬೇಳೆ ತೊವ್ವೆ ಮಾಡ್ತವೆ. ಮೀನು ಬಿಡ್ಬೇಕಾಗಿಲ್ಲ ಮಾರಾಯ್ರೆ, ಮೀನು ಬಿಟ್ರೆ ನಮ್ಮವರು ಊಟವನ್ನೇ ಬಿಡ್ತಾರೆ, ತೂಕ ಇಳಿದ್ರೆ ಇನ್ನೊಂದು ಕಷ್ಟ. ನಾವು ಮಾಡ್ಕೊಂಡಿದ್ದು ಹೀಗೆ: ಬೆಳಿಗ್ಗೆ ಗಂಜಿ ಉಪ್ಪಿನಕಾಯಿ ಅಥವಾ ತೆಳ್ಳೇವು, ಮಧ್ಯಾಹ್ನ ತರಕಾರಿ ಜಾಸ್ತಿ, ಮೀನು ರಾತ್ರಿ ಊಟಕ್ಕೆ, ಯಾಕಂದ್ರೆ ರಾತ್ರಿ ಕೆಲಸ ಇಲ್ಲ. ಗುಳಿಗೆಯಿಂದ ಹೊಟ್ಟೆ ತೊಳೆಸಿದ್ರೆ ಖಾಲಿ ಹೊಟ್ಟೆ ಬದಲು ಎರಡು ಮಾರಿ ಬಿಸ್ಕೆಟ್ ಅಥವಾ ಒಂದು ಬಾಳೆಹಣ್ಣು ಜೊತೆ ತಗೊಳ್ಬಹುದು, ಆದರೂ ವಾಂತಿ ಬಂದ್ರೆ ಡೊಂಪೆರಿಡೋನ್ ಕೊಡ್ತಾರೆ, ಪೆರಿನಾರ್ಮ್ ಮಾತ್ರ ಬೇಡ. ಕಬ್ಬಿಣದ ಗುಳಿಗೆ ತಗೊಳ್ಳುವ ಹೆಂಗಸರು ಅದನ್ನ ಇದರ ಜೊತೆ ನುಂಗ್ಬೇಡಿ, ಕನಿಷ್ಠ ಎರಡು ತಾಸಿನ ಅಂತರ ಇರ್ಲಿ. ಸಿಆರ್ ಅಂತ ಬರೆದಿರುವ (ನಿಧಾನಕ್ಕೆ ಬಿಡುಗಡೆ ಆಗುವ) ಗುಳಿಗೆಯನ್ನ ಪುಡಿ ಮಾಡ್ಬೇಡಿ.

ಒಮ್ಮೆಲೇ ನಿಲ್ಸೂದು ಅಪಾಯ. ಜ್ವರ ಏರಿ, ಮೈ ಕಲ್ಲಾಗಿ, ಪ್ರಜ್ಞೆ ತಪ್ಪಿ ಐಸಿಯು ತನಕ ಹೋಗ್ಬಹುದು. ಗುಳಿಗೆ ಖಾಲಿ ಆಗಿತ್ತು, ನಾಳೆ ತಂದ್ರಾಯ್ತು ಅನ್ನುವ ಮಾತು ಈ ಕಾಯಿಲೆಗೆ ನಡೆಯೂದಿಲ್ಲ. 2024ರ ಜುಲೈ 16ಕ್ಕೆ ಅಂಕೋಲಾ ಹತ್ರ ಶಿರೂರಲ್ಲಿ ಗುಡ್ಡ ಕುಸಿದು 66ನೇ ನಂಬರಿನ ಹೆದ್ದಾರಿ ದಿನಗಟ್ಟಲೆ ಬಂದ್ ಇದ್ದಿದ್ದು ನೆನಪಿರ್ಬೇಕು, ಘಟ್ಟದ ರಸ್ತೆಗಳೂ ಮಳೆಗಾಲದಲ್ಲಿ ನಂಬಿಕೆಗೆ ಇಲ್ಲ. ಹಾಗಾಗಿ ಮೇ ಕೊನೆಗೇ ಎರಡು ತಿಂಗಳ ಗುಳಿಗೆ ಮನೇಲಿರ್ಲಿ, ಗಾಳಿ ಆಡದ ಡಬ್ಬಿಯಲ್ಲಿ, ನಮ್ಮ ಮಳೆಗಾಲದ ಥಂಡಿಗೆ ಬಿಡಿ ಗುಳಿಗೆ ಬಣ್ಣ ಕೆಡ್ತದೆ, ಪಟ್ಟಿಯಿಂದ ಮೊದಲೇ ಬಿಡಿಸಿ ಇಡ್ಬೇಡಿ. ನಿಮ್ಮೂರಿನ ಮೆಡಿಕಲ್ಲಿನವರಿಗೆ ಮೊದಲೇ ಹೇಳಿ ತರ್ಸಿ ಇಟ್ಕೊಳ್ಳೂದೂ ಒಂದು ದಾರಿ, ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ, ಸಿಕ್ಕಿದ್ರೆ ಖರ್ಚು ಕಮ್ಮಿ.

ಪುಸ್ತಕದಲ್ಲಿ ಬರೆಯೂದು

ಒಂದು ಸಾದಾ ನೂರು ಪೇಜಿನ ನೋಟ್‌ಬುಕ್ ಸಾಕು, ಆ್ಯಪ್ ಎಲ್ಲಾ ಬೇಡ. ಡಾಕ್ಟರ ಹತ್ರ ಹೋಗುವ ಹಿಂದಿನ ಮೂರ್ನಾಕು ದಿನ ಪೂರ್ತಿ ಬರೆದ್ರೂ ಸಾಕಾಗ್ತದೆ. ನಮ್ಮ ಪುಸ್ತಕದ ಒಂದು ದಿನ ಹೀಗಿದೆ ನೋಡಿ: "6.00 ಗುಳಿಗೆ. 6.40 ಕೈ ಸಡಿಲ ಆಯಿತು, ಶೇವಿಂಗ್ ತಾನೇ. 9.15 ಎಡಗಾಲ ಬೆರಳು ಮಡಚಿತು, ಪ್ರಾರ್ಥನೆಗೆ ನಿಲ್ಲಲು ಆಗಲಿಲ್ಲ. 10.00 ಗುಳಿಗೆ. 11.00 ಕುತ್ತಿಗೆ ಓಲಾಟ, ಅರ್ಧ ತಾಸು. 1.30 ಊಟ, ಮೊಸರು. 2.00 ಗುಳಿಗೆ, ಹಿಡಿಯಲೇ ಇಲ್ಲ." ಇದನ್ನ ನೋಡಿ ಡಾಕ್ಟರಿಗೆ ಒಂದೇ ನಿಮಿಷದಲ್ಲಿ ಗೊತ್ತಾಯ್ತು, ಎರಡು ಗುಳಿಗೆ ನಡುವೆ ಅಂತರ ಜಾಸ್ತಿ, ಒಂದೊಂದು ಡೋಸ್ ಸ್ವಲ್ಪ ದೊಡ್ಡದು, ಮಧ್ಯಾಹ್ನದ್ದು ಊಟದ ಜೊತೆ ಸಿಕ್ಕಿ ಹಾಳಾಗ್ತಾ ಇದೆ ಅಂತ. ಸಣ್ಣ ಡೋಸ್ ಮಾಡಿ ಬೇಗ ಬೇಗ ಕೊಟ್ರು, ಶಾಲೆಯ ಮೊದಲ ಪೀರಿಯಡ್ ಸರಿ ಆಯ್ತು. ಸುಮ್ಮನೆ "ಹುಷಾರಿಲ್ಲ ಸರ್, ಜಾಸ್ತಿ ಆಗಿದೆ" ಅಂದಿದ್ರೆ ಅವರು ಡೋಸ್ ಏರಿಸ್ತಿದ್ರು, ಓಲಾಟ ಇನ್ನೂ ಜಾಸ್ತಿ ಆಗ್ತಿತ್ತು. ಗುಳಿಗೆ ಟೈಮ್ ಬದಲಾಯಿಸೂದನ್ನ ಮಾತ್ರ ಡಾಕ್ಟರೇ ಮಾಡ್ಲಿ, ನೀವು ಬರೆಯುವ ಕೆಲಸ ಮಾಡಿ.

ಹೆಂಗಸರಾದ್ರೆ ಮುಟ್ಟಿನ ದಿನಗಳನ್ನೂ ಬರೀಬೇಕು, ಮುಟ್ಟಿನ ಹಿಂದುಮುಂದು ಎಷ್ಟೋ ಹೆಂಗಸರಿಗೆ ಗುಳಿಗೆ ಸರಿಯಾಗಿ ಹಿಡಿಯೂದಿಲ್ಲ, ಇದನ್ನ ನಾಚಿಕೆಗೆ ಯಾರೂ ಹೇಳೂದಿಲ್ಲ, ಡಾಕ್ಟರೂ ಕೇಳೂದಿಲ್ಲ.

ಮನೆಯವರು ಕಣ್ಣಿಡಬೇಕಾದ ಇನ್ನೊಂದು ವಿಷಯ ಇದೆ. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ತಗೊಳ್ಳುವವರಲ್ಲಿ ಕೆಲವರಿಗೆ ತಡೆಯೂದಕ್ಕಾಗದ ಚಟ ಶುರುವಾಗ್ತದೆ, ಮೊಬೈಲಲ್ಲಿ ರಮ್ಮಿ ಆಡಿ ಸಾಲ ಮಾಡೂದು, ರಾತ್ರಿ ಎಲ್ಲಾ ಆನ್‌ಲೈನ್ ಶಾಪಿಂಗ್, ತಿಂದಷ್ಟೂ ತಿನ್ನೂದು, ಲೈಂಗಿಕ ಆಸೆ ಮಿತಿ ಮೀರೂದು. ಇದು ಗುಳಿಗೆಯ ಪರಿಣಾಮ, ಮನುಷ್ಯ ಕೆಟ್ಟವ ಆಗಿದ್ದಲ್ಲ. ಜಗಳ ಮಾಡ್ಬೇಡಿ, ಡಾಕ್ಟರಿಗೆ ಫೋನ್ ಮಾಡಿ, ಡೋಸ್ ಇಳಿಸಿದ್ರೆ ಹೆಚ್ಚಿನೋರಿಗೆ ಹೋಗ್ತದೆ. ಇದೇ ಗುಳಿಗೆಗೆ ಕೂತಲ್ಲೇ ಗಪ್ಪಂತ ನಿದ್ದೆ ಬರೂದೂ ಇದೆ, ಬೈಕ್, ಟೆಂಪೋ ಓಡಿಸುವವರು, ಬೋಟಿಗೆ ಹೋಗುವವರು ದಯವಿಟ್ಟು ಗಮನದಲ್ಲಿಡಿ.

ನಸುಗುನ್ನಿ ವಿಷಯ

ಯಾರಾದ್ರೂ ಹೇಳೇ ಹೇಳ್ತಾರೆ, ಕಾಡಲ್ಲಿ ನಸುಗುನ್ನಿ ಇದೆ, ಬೀಜ ಪುಡಿ ಮಾಡಿ ಹಾಲಲ್ಲಿ ಕುಡಿಯಿರಿ ಅಂತ. ಸುಳ್ಳಲ್ಲ, ನಸುಗುನ್ನಿ ಬೀಜದಲ್ಲಿ ನಿಜವಾಗಿ ಲೆವೊಡೋಪಾ ಇದೆ, ಆಯುರ್ವೇದದಲ್ಲಿ ಕಂಪವಾತಕ್ಕೆ ಬಹಳ ಹಿಂದಿನಿಂದ ಬಳಸ್ತಾರೆ. ಆದ್ರೆ ಅದ್ಕೇ ಅಪಾಯ ಕೂಡ, ಸಿಂಡೋಪಾ ಜೊತೆ ಇದೂ ಸೇರಿದ್ರೆ ಡೋಸ್ ಎಷ್ಟಾಯ್ತು ಅಂತ ಯಾರಿಗೂ ಲೆಕ್ಕ ಸಿಗೂದಿಲ್ಲ, ಒಂದೊಂದು ಬೀಜದಲ್ಲಿ ಒಂದೊಂದು ಪ್ರಮಾಣ. ತಗೊಳ್ತಾ ಇದ್ರೆ ಮುಚ್ಚಿಡ್ಬೇಡಿ, ನ್ಯೂರಾಲಜಿಸ್ಟಿಗೂ ವೈದ್ಯರಿಗೂ ಇಬ್ಬರಿಗೂ ಹೇಳಿ. ಗುಳಿಗೆ ನಿಲ್ಸಿ ಇದನ್ನೊಂದೇ ತಗೊಳ್ಳಿ ಅಂದವರ ಮಾತು ಕೇಳ್ಬೇಡಿ.

ಮೈ ದಣಿಸೂದು

ವ್ಯಾಯಾಮ ಇಲ್ಲಿ ಗುಳಿಗೆಯಷ್ಟೇ ಮುಖ್ಯ, ಚಿಕ್ಕ ಪ್ರಾಯದವರಿಗೆ ಇನ್ನೂ ಜಾಸ್ತಿ ಮುಖ್ಯ, ಯಾಕಂದ್ರೆ ಅವರ ಮುಂದೆ ಬಹಳ ವರ್ಷ ಇದೆ. ಸುಮ್ಮನೆ ಅಡ್ಡಾಡಿದ್ರೆ ಸಾಲೂದಿಲ್ಲ, ಉಸಿರು ಏರ್ಬೇಕು, ಬೆವರ್ಬೇಕು. ಗುಳಿಗೆ ಹಿಡಿದಿರುವ ಹೊತ್ತಿಗೆ ಮಾಡಿ. ಕಡಲ ದಂಡೆ ಇರೂದು ನಮ್ಮ ಭಾಗ್ಯ, ಕಾರವಾರದ ಟಾಗೋರ್ ಬೀಚಲ್ಲೋ ನಿಮ್ಮ ಊರಿನ ದಂಡೆಯಲ್ಲೋ ನೀರು ಇಳಿದಾಗ ಒದ್ದೆ ಗಟ್ಟಿ ಮರಳ ಮೇಲೆ ದೊಡ್ಡ ದೊಡ್ಡ ಹೆಜ್ಜೆ ಹಾಕಿ, ಕೈ ಬೀಸಿ ನಡೀರಿ, ಹಿಂದೆ ತಿರುಗಿ ನಿಮ್ಮ ಹೆಜ್ಜೆ ಗುರುತು ನೋಡಿದ್ರೆ ಯಾವ ಕಾಲು ಎಳೀತಾ ಇದೆ, ಯಾವ ಹೆಜ್ಜೆ ಗಿಡ್ಡ ಅಂತ ತಾನೇ ಕಾಣ್ತದೆ. ಮೇಲಿನ ಸಡಿಲ ಮರಳು ಬೇಡ, ಪಾದ ತಿರುಚುವವರಿಗೆ ಬೀಳುವ ಭಯ. ಮಳೆಗಾಲದಲ್ಲಿ ಜಗಲಿ, ಸೈಕಲ್, ಏರು ದನಿಯಲ್ಲಿ ಓದೂದು. ದನಿ ಸಣ್ಣ ಆಗೂದು ಈ ಕಾಯಿಲೆಯಲ್ಲೇ ಇದೆ, ಆದ್ರಿಂದ ದಿನಾ ಹತ್ತು ನಿಮಿಷ ಪೇಪರನ್ನ ಅಂಗಳದಾಚೆಗೆ ಕೇಳುವ ಹಾಗೆ ಓದ್ಬೇಕು.

ಕಾಲು ನೆಲಕ್ಕೆ ಕಚ್ಚಿ ನಿಂತುಬಿಡೂದು ಕೆಲವರಿಗೆ ಮುಂದೆ ಬರ್ತದೆ, ಬಾಗಿಲ ಹೊಸಿಲಲ್ಲಿ, ತಿರುಗುವಲ್ಲಿ. ಆಗ ಎಳೀಬೇಡಿ, ದೂಡ್ಬೇಡಿ. ಹೊರಗಿನ ತಾಳ ಒಂದು ಸಿಕ್ರೆ ಮೆದುಳು ಬೇರೆ ದಾರಿಯಿಂದ ಕಾಲನ್ನ ಎಬ್ಬಿಸ್ತದೆ. ನಮ್ಮ ಕಡೆಯವರಿಗೆ ಯಕ್ಷಗಾನದ ತಾಳ ಹುಟ್ಟಿದಾಗಿಂದ ಕಿವೀಲಿದೆ, ಪಕ್ಕದಲ್ಲಿ ನಿಂತು ಏಕತಾಳ ಕೈಯಲ್ಲಿ ತಟ್ಟಿ, ಅಥವಾ ಅವರೇ ಬಾಯಲ್ಲಿ ಹೇಳ್ಕೊಂಡು ಮೊದಲ ಪೆಟ್ಟಿಗೆ ಹೆಜ್ಜೆ ಎತ್ಲಿ. ನೆಲದ ಮೇಲೆ ಬಣ್ಣದ ಟೇಪ್ ಅಡ್ಡ ಅಂಟಿಸಿದ್ರೆ ಅದನ್ನ ದಾಟುವ ಹಾಗೆ ಕಾಲು ಎತ್ತಿ ನಡೀತಾರೆ, ಇದೂ ಕೆಲಸ ಮಾಡ್ತದೆ.

ಕೆಲಸ, ಕಾಗದ ಪತ್ರ

ಕೆಲಸ ಬಿಡುವ ತೀರ್ಮಾನ ಗಡಿಬಿಡಿಯಲ್ಲಿ ಮಾಡ್ಬೇಡಿ, ಗುಳಿಗೆ ಹೊಂದಿದ ಮೇಲೆ ಎಷ್ಟೋ ವರ್ಷ ಕೆಲಸ ಮಾಡ್ತಾರೆ. ಆದ್ರೆ ಅಡಿಕೆ ಮರ ಹತ್ತುವ ಕೊನೆಗೌಡರು, ಬೋಟಿನ ಮೇಲೆ ಬಲೆ ಎಳೆಯುವವರು ಎತ್ತರದ, ಅಂಚಿನ ಕೆಲಸ ಬಿಟ್ಟು ನೆಲದ ಮೇಲಿನ ಕೆಲಸಕ್ಕೆ ಬರೂದೇ ಸರಿ, ಇದರಲ್ಲಿ ಧೈರ್ಯ ತೋರ್ಸೂದು ಬೇಡ. ತೋಟದಲ್ಲಿ ಕಳೆನಾಶಕ ಹೊಡೆಯುವವರಿಗೂ ಒಂದು ಮಾತು, ಪ್ಯಾರಾಕ್ವಾಟ್ ಅನ್ನುವ ಕಳೆನಾಶಕಕ್ಕೂ ಪಾರ್ಕಿನ್ಸನ್ಸಿಗೂ ಸಂಬಂಧ ಇದೆ ಅಂತ ಹಲವು ಅಧ್ಯಯನಗಳು ತೋರಿಸಿದಾವೆ, ಮನೇಲಿ ಕಾಯಿಲೆ ಇರ್ಲಿ ಬಿಡ್ಲಿ ಅದರಿಂದ ದೂರ ಇರಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಇರುವ 21 ನಮೂನೆಯ ಅಂಗವೈಕಲ್ಯದಲ್ಲಿ ಪಾರ್ಕಿನ್ಸನ್ಸ್ ಹೆಸರು ಹಿಡಿದು ಬರೆದಿದೆ. ಸ್ವಾವಲಂಬನ್ ಪೋರ್ಟಲಲ್ಲಿ ಯುಡಿಐಡಿ ಕಾರ್ಡಿಗೆ (ವಿಕಲಚೇತನರ ಗುರುತಿನ ಚೀಟಿ) ಅರ್ಜಿ ಹಾಕಿ, ಮೆಡಿಕಲ್ ಬೋರ್ಡಿಗೆ ಹೋಗುವಾಗ ಮೇಲೆ ಹೇಳಿದ ವಿಡಿಯೋ ಮತ್ತು ನೋಟ್‌ಬುಕ್ ತಗೊಂಡು ಹೋಗಿ, 40 ಪರ್ಸೆಂಟ್ ದಾಟಿದ್ರೆ ಹೆಚ್ಚಿನ ಸೌಲಭ್ಯಕ್ಕೆ ಅರ್ಹತೆ ಬರ್ತದೆ. ಸರ್ಕಾರಿ ನೌಕರಿ ಇದ್ದವರು ಇದನ್ನ ನೆನಪಿಡಿ: ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂತು ಅಂತ ಕೆಲಸದಿಂದ ತೆಗೆಯೂದಕ್ಕಾಗ್ಲಿ ದರ್ಜೆ ಇಳಿಸೂದಕ್ಕಾಗ್ಲಿ ಅದೇ ಕಾಯ್ದೆಯ 20ನೇ ಸೆಕ್ಷನ್ ಬಿಡೂದಿಲ್ಲ. ಶಿಫ್ಟ್ ಡ್ಯೂಟಿ ಇದ್ದವರು ಜನರಲ್ ಶಿಫ್ಟ್ ಕೇಳಿ ಬರೆದು ಕೊಡಿ, ಡಾಕ್ಟರ ಪತ್ರ ಲಗತ್ತಿಸಿ, ರಾತ್ರಿ ಪಾಳಿಯಲ್ಲಿ ಗುಳಿಗೆ ಟೈಮ್ ಎಲ್ಲಾ ಅಡಿಮೇಲು ಆಗ್ತದೆ.

ಮದುವೆ, ಮಕ್ಕಳು, ಮನಸ್ಸು

ಚಿಕ್ಕ ಪ್ರಾಯದವರ ಮನೇಲಿ ಮೊದಲು ಬರುವ ಪ್ರಶ್ನೆ ಮಕ್ಕಳಿಗೂ ಬರ್ತದಾ ಅಂತ. ಹೆಚ್ಚಿನೋರ ಮನೇಲಿ ಬೇರೆ ಯಾರಿಗೂ ಇರೂದಿಲ್ಲ. ಆದ್ರೆ 40ರ ಒಳಗೆ, ಅದರಲ್ಲೂ 30ರ ಒಳಗೆ ಶುರುವಾಗಿದ್ರೆ ಪಾರ್ಕಿನ್, ಪಿಂಕ್1 ಇಂಥ ಜೀನಿನಿಂದ ಇರುವ ಸಾಧ್ಯತೆ ಜಾಸ್ತಿ. ಈ ಜೀನುಗಳಲ್ಲಿ ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದ್ರೆ ಮಾತ್ರ ಕಾಯಿಲೆ, ಹಾಗಾಗಿ ಸೋದರ ಸಂಬಂಧದಲ್ಲಿ ಮದುವೆ ಆದ ಮನೆಗಳಲ್ಲಿ ಡಾಕ್ಟರು ಜೀನ್ ಪರೀಕ್ಷೆ ಬಗ್ಗೆ ಕೇಳ್ತಾರೆ. ಪರೀಕ್ಷೆ ಮಾಡ್ಸುವ ಮೊದಲು ಕೌನ್ಸೆಲಿಂಗ್ ತಗೊಳ್ಳಿ, ಫಲಿತಾಂಶ ಅಣ್ಣ ತಮ್ಮಂದಿರಿಗೂ ತಂಗಿಯಂದಿರಿಗೂ ಸಂಬಂಧಪಟ್ಟದ್ದು. ಬಸುರಿ ಆಗ್ಬೇಕು ಅಂತ ಇರುವವರು ಮೊದಲೇ ನ್ಯೂರಾಲಜಿಸ್ಟಿಗೆ ಹೇಳ್ಬೇಕು, ಅಮಾಂಟಡಿನ್ ಆ ಹೊತ್ತಿಗೆ ಬೇಡ, ಸಾಮಾನ್ಯವಾಗಿ ಲೆವೊಡೋಪಾ ಮೇಲೇ ನಡೆಸ್ತಾರೆ.

ಬೇಸರ, ಹೆದರಿಕೆ ಈ ಕಾಯಿಲೆಯ ಭಾಗವೇ, ಅದೇ ಡೋಪಮಿನ್ ಕಮ್ಮಿ ಆಗೂದ್ರಿಂದ ಮನಸ್ಸೂ ಕುಗ್ತದೆ, ಧೈರ್ಯ ಇಲ್ಲ ಅಂತ ಬೈದ್ರೆ ಪ್ರಯೋಜನ ಇಲ್ಲ, ಔಷಧ ಇದೆ. ಮನೆಯವರಿಗೂ ಆಗ್ತದೆ, ನನಗೂ ಆಗಿತ್ತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೆ ಬೇಕಾದ್ರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಮಕ್ಕಳಿಗೆ ಹೇಳಿಬಿಡಿ, ಅಪ್ಪನ ಕೈ ಗುಳಿಗೆ ಹಿಡಿಯುವ ತನಕ ನಿಧಾನ ಅಂತ, ಅವರಿಗೆ ಅಷ್ಟು ಸಾಕು.

ಆಪರೇಷನ್ ಮತ್ತು ಬೇರೆ ಆಸ್ಪತ್ರೆಗೆ ಸೇರುವಾಗ

ಡಿಬಿಎಸ್ ಅಂತ ಒಂದು ಆಪರೇಷನ್ ಇದೆ, ಮೆದುಳಿನೊಳಗೆ ಸಣ್ಣ ತಂತಿ, ಎದೆಯ ಚರ್ಮದಡಿ ಬ್ಯಾಟರಿ. ಲೆವೊಡೋಪಾ ಚೆನ್ನಾಗಿ ಹಿಡೀತದೆ ಆದ್ರೆ ಏರಿಳಿತ, ಓಲಾಟ ಗುಳಿಗೆಯಿಂದ ಹತೋಟಿಗೆ ಬರ್ತಾ ಇಲ್ಲ ಅನ್ನುವವರಿಗೆ ಇದು, ಚಿಕ್ಕ ಪ್ರಾಯದವರಿಗೆ ಒಳ್ಳೇ ಫಲಿತಾಂಶ ಕೊಡ್ತದೆ. ಗುಳಿಗೆಗೆ ಯಾವತ್ತೂ ಬಗ್ಗದ ಮಾತಿನ ತೊಂದರೆ, ಸಮತೋಲ ತಪ್ಪಿ ಬೀಳೂದು ಇದರಿಂದ ಸರಿ ಆಗೂದು ಕಮ್ಮಿ. ಲಕ್ಷಗಟ್ಟಲೆ ಖರ್ಚು, ಬ್ಯಾಟರಿ ಕೆಲವು ವರ್ಷಕ್ಕೊಮ್ಮೆ ಬದಲಾಯಿಸ್ಬೇಕು, ಚಾರ್ಜ್ ಮಾಡುವಂಥದ್ದಾದ್ರೆ ಜಾಸ್ತಿ ಬಾಳ್ತದೆ, ಸೆಟ್ಟಿಂಗ್ ಮಾಡ್ಸೂದಕ್ಕೆ ಮತ್ತೆ ಮತ್ತೆ ಹೋಗ್ಬೇಕು, ಹಾಗಾಗಿ ಊರಿಂದ ಹೋಗಿಬರುವ ಖರ್ಚನ್ನೂ ಲೆಕ್ಕಕ್ಕೆ ಹಿಡೀರಿ. ಹಾಕ್ಸಿಕೊಂಡ ಮೇಲೆ ಫಿಸಿಯೋಥೆರಪಿಯಲ್ಲಿ ಡಯಾಥರ್ಮಿ ಅನ್ನುವ ಶಾಖ ಮಾತ್ರ ಯಾವ ಕಾರಣಕ್ಕೂ ಬೇಡ, ಜೀವಕ್ಕೇ ಅಪಾಯ.

ಬೇರೆ ಕಾಯಿಲೆಗೆ, ಡೆಂಗ್ಯೂಗೋ ಆಕ್ಸಿಡೆಂಟಿಗೋ ಆಸ್ಪತ್ರೆಗೆ ಸೇರಿದಾಗ ಅಲ್ಲಿಯ ನರ್ಸ್ ದಿನಕ್ಕೆ ಮೂರು ಸಲ ಔಷಧ ಕೊಡುವ ಟೈಮಿಗೇ ನಿಮ್ಮ ಗುಳಿಗೆಯನ್ನೂ ಸೇರಿಸಿಬಿಡ್ತಾರೆ, ವಾಂತಿ ಅಂದ್ರೆ ಪೆರಿನಾರ್ಮ್ ಇಂಜೆಕ್ಷನ್ ಕೊಟ್ಟುಬಿಡ್ತಾರೆ, ಅವರ ತಪ್ಪಲ್ಲ, ಗೊತ್ತಿರೂದಿಲ್ಲ. ಹಾಗಾಗಿ ಪರ್ಸಲ್ಲಿ ಒಂದು ಚೀಟಿ ಇರ್ಲಿ. ಮೇಲೆ ಪಾರ್ಕಿನ್ಸನ್ಸ್ ಅಂತ, ಗುಳಿಗೆಗಳ ಹೆಸರು, ಡೋಸ್, ಗಂಟೆ, ನ್ಯೂರಾಲಜಿಸ್ಟರ ನಂಬರ್, ಮನೆಯವರ ನಂಬರ್. ಅದರ ಕೆಳಗೆ ದಪ್ಪ ಅಕ್ಷರದಲ್ಲಿ: ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್ (ಸ್ಟೆಮೆಟಿಲ್), ಲೆವೊಸಲ್ಪಿರೈಡ್, ಹಾಲೊಪೆರಿಡಾಲ್ ಕೊಡಬಾರದು. ರಸಜಿಲಿನ್ ತಗೊಳ್ತಾ ಇದ್ರೆ ನೋವಿಗೆ ಕೊಡುವ ಟ್ರಮಡಾಲ್ ಬೇಡ, ಡೆಕ್ಸ್ಟ್ರೊಮೆಥಾರ್ಫನ್ ಇರುವ ಕೆಮ್ಮಿನ ಸಿರಪ್ಪೂ ಬೇಡ ಅಂತಲೂ ಸೇರಿಸಿ. ಇಂಗ್ಲಿಷಲ್ಲೂ ಕನ್ನಡದಲ್ಲೂ ಬರೆಸಿ, ಲ್ಯಾಮಿನೇಷನ್ ಮಾಡ್ಸಿ, ಒಂದು ಅವರ ಪರ್ಸಲ್ಲಿ, ಒಂದು ನಿಮ್ಮ ಪರ್ಸಲ್ಲಿ, ಒಂದು ಗಾಡಿಯ ಕಾಗದ ಪತ್ರದ ಜೊತೆ, ಮತ್ತೆ ಡೋಸ್ ಬದಲಾದಾಗಲೆಲ್ಲ ಹಳೇದನ್ನ ಹರಿದು ಹೊಸದು ಮಾಡ್ಸಿ.